ಮಿಂಚುಳ್ಳಿ ಏರು ಹತ್ತಿದ್ದು

ನಮ್ಮೂರು ಬೆಳಗ್ಗೆ ಪೂರ್ವಕ್ಕೆ ಇಳಿಜಾರಾಗಿರುತ್ತದೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ. ಮನೆಗಳೆಲ್ಲ ಪಶ್ಚಿಮದ ತುದಿಯಲ್ಲಿವೆ. ಪೇಟೆ, ಸ್ಕೂಲು, ಕಾರ್ಖಾನೆ ಪೂರ್ವದ ತುದಿಯಲ್ಲಿ. ಹೀಗಾಗಿ ಕೆಲಸಕ್ಕೆ ಹೋಗುವಾಗಲೂ ಇಳಿಯುತ್ತೇವೆ, ಮನೆಗೆ ಬರುವಾಗಲೂ ಇಳಿಯುತ್ತೇವೆ. ಹನ್ನೆರಡು ಗಂಟೆಗೆ ಮುಕ್ಕಾಲು ಗಂಟೆಯ ಕಾಲ ಊರು ಸಮತಟ್ಟಾಗುತ್ತದೆ. ಮದುವೆಯ ಧಾರೆ, ಕ್ಷೌರ, ಗೋಡೆಗೆ ಫೋಟೊ ತೂಗುಹಾಕುವುದು, ತುಂಬಿದ ಪಾತ್ರೆಯನ್ನು ಒಲೆಯಿಂದ ಇಳಿಸುವುದು ಎಲ್ಲ ಆ ಹೊತ್ತಿನಲ್ಲೇ. ನಮ್ಮಲ್ಲಿ ಸೈಕಲ್ಲಿನ ಪೆಡಲು ತುಕ್ಕು ಹಿಡಿಯುತ್ತದೆ, ಬ್ರೇಕಿನ ರಬ್ಬರು ತಿಂಗಳಿಗೊಮ್ಮೆ ಸವೆಯುತ್ತದೆ.

ಏರು ಹತ್ತುವ ಅಭ್ಯಾಸ ಯಾರಿಗೂ ಇಲ್ಲ. ಬೆಳಗ್ಗೆ ಬುತ್ತಿ ಮರೆತು ಹೋದವರು ಹೋಟೆಲಿನಲ್ಲಿ ಉಣ್ಣುತ್ತಾರೆ. ಕನ್ನಡಕ ಮರೆತವರು ಸಂಜೆಯವರೆಗೆ ಕಣ್ಣು ಕಿರಿದು ಮಾಡಿಕೊಂಡೇ ಕೂರುತ್ತಾರೆ. ಬೆಳಗಿನ ಹೊತ್ತು ಯಾರಾದರೂ ಏರು ಹತ್ತಿ ಮನೆಗಳ ಕಡೆ ಬಂದರೆ ಅದಕ್ಕೆ ಒಂದೇ ಅರ್ಥ. ಕೆಳಗೆ ಯಾರೋ ತೀರಿಕೊಂಡಿದ್ದಾರೆ, ಸುದ್ದಿ ಹೇಳಲು ಬರುತ್ತಿದ್ದಾರೆ.

ನಾನು ಕಾರ್ಖಾನೆಯಲ್ಲಿ ಟೆಸ್ಟ್ ಡ್ರೈವರು. ಹೆಸರು ಜಲಜಾಕ್ಷಿ, ಎಲ್ಲರೂ ಕರೆಯುವುದು ಜಲಜ ಎಂದು. ನಮ್ಮ ಕಾರ್ಖಾನೆ ಬಹಳ ವರ್ಷ ಬ್ರೆಡ್ಡಿನ ವ್ಯಾನು, ಹಾಲಿನ ವ್ಯಾನು ಮಾಡಿಕೊಂಡು ಸುಖವಾಗಿತ್ತು. ಒಂದು ದಿನ ಮುಖ್ಯ ಇಂಜಿನಿಯರು ಪಟ್ಟಾಭಿಯವರು ಯಜಮಾನರ ಮೇಜಿನ ಮೇಲೆ ಹೊಸದೊಂದು ಗಾಡಿಯ ಚಿತ್ರ ಇಟ್ಟರು. ಕಾರಿನಷ್ಟು ಚಿಕ್ಕದು, ಜೀಪಿನಷ್ಟು ಎತ್ತರ. ಹೊರದೇಶದ ಮಾರಾಟ ನೋಡಿಕೊಳ್ಳುವ ವಾದಿರಾಜ ಅದನ್ನು ಕಾಂಪ್ಯಾಕ್ಟ್ ಕ್ರಾಸೋವರ್ ಅನ್ನುತ್ತಿದ್ದ. ಬಾಡಿ ಸೆಕ್ಷನ್ನಿನವರು ‘ನಡುವಿನದು’ ಅನ್ನುತ್ತಿದ್ದರು.

ಮೂರು ವರ್ಷ ಅದರ ಹಿಂದೆಯೇ ಕಳೆಯಿತು. ಸೀಟಿನ ಎತ್ತರ ಎಷ್ಟಿರಬೇಕು ಎಂದು ತಿಳಿಯಲು ಪಟ್ಟಾಭಿಯವರು ಪೇಟೆಯಿಂದ ಸೀರೆ ಉಟ್ಟ ಹನ್ನೆರಡು ಹೆಂಗಸರನ್ನು ಕರೆತಂದು ಹಲಗೆಗಳ ಮೇಲೆ ಕೂರಿಸಿ ಏಳಿಸಿದರು. ಬಾಗಿಲು ಹಾಕುವ ಸದ್ದಿಗಾಗಿ ಒಂದು ಇಡೀ ಮಳೆಗಾಲ ಕಿವಿ ಕೊಟ್ಟು ಕೂತರು. ಬ್ರೇಕಿನ ವಿಷಯವಂತೂ ಕೇಳಲೇಬೇಡಿ. ಇಳಿಜಾರಿನಲ್ಲಿ ಜೋರಾಗಿ ಬರುತ್ತ, ಅಡ್ಡ ನಿಂತ ಎಮ್ಮೆಯ ಮೂತಿಗೆ ಒಂದು ಗೇಣು ದೂರದಲ್ಲಿ ನಾನು ಗಾಡಿ ನಿಲ್ಲಿಸಿದೆ. ಎಮ್ಮೆ ಮೆಲುಕು ಹಾಕುವುದನ್ನೂ ಬಿಡಲಿಲ್ಲ.

ವಾದಿರಾಜ ಅದಕ್ಕೆ ಮಿಂಚುಳ್ಳಿ ಎಂದು ಹೆಸರಿಟ್ಟ. ನಾಲ್ಕು ಭಾಷೆಯಲ್ಲಿ ಬ್ರೋಷರು ಮಾಡಿಸಿ, ನೀಲಿ ಬಣ್ಣದ ಒಂದು ಗಾಡಿಯೊಂದಿಗೆ ಹಡಗು ಹತ್ತಿ, ಬಂದರಿನಿಂದ ಬಂದರಿಗೆ ಎರಡು ತಿಂಗಳು ಸುತ್ತಿದ. ಕೊನೆಗೆ ಕಡಲಾಚೆಯ ಒಂದು ಬಂದರು ಪಟ್ಟಣದಲ್ಲಿ ಓರ್ಲಾ ಎಂಬ ಡೀಲರ್ ಹೆಂಗಸು ನಲವತ್ತು ಗಾಡಿಗಳನ್ನು ತರಿಸಿಕೊಳ್ಳಲು ಒಪ್ಪಿದಳು. ಅವು ಮಾರಾಟವಾದರೆ ಇನ್ನೂ ನಾನೂರು ಬೇಕೆಂದಳು. ಯಜಮಾನರು ಹೊಸ ಶೆಡ್ಡು ಕಟ್ಟಿಸಿ ಇನ್ನೂರು ಜನರನ್ನು ಕೆಲಸಕ್ಕೆ ತೆಗೆದುಕೊಂಡರು. ಮಿಂಚುಳ್ಳಿಗಳನ್ನು ಹಡಗಿಗೆ ಕಳಿಸಿದ ದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಕೇಸರಿಬಾತು ಕೊಟ್ಟರು.

ಐದನೆಯ ವಾರ ಓರ್ಲಾಳ ಪತ್ರ ಬಂತು. ವಾದಿರಾಜ ಅದನ್ನು ಕನ್ನಡಕ್ಕೆ ಮಾಡಿ ಮೀಟಿಂಗಿನಲ್ಲಿ ಓದಿದ. “ನಿಮ್ಮ ಗಾಡಿ ತುಂಬ ಸುಂದರವಾಗಿದೆ. ಬಾಗಿಲಿನ ಸದ್ದು ಕೇಳಿದರೆ ಮತ್ತೊಮ್ಮೆ ಹಾಕಬೇಕೆನ್ನಿಸುತ್ತದೆ. ಕೆಳಗೆ ಅತ್ಯುತ್ತಮವಾಗಿ ಇಳಿಯುತ್ತದೆ. ಮೇಲೆ ಹತ್ತಿಸುವುದು ಹೇಗೆ ಎಂದು ದಯವಿಟ್ಟು ತಿಳಿಸಿ. ಮೂರು ತಿಂಗಳು ಕಾಯುತ್ತೇನೆ. ಆಮೇಲೆ ನಲವತ್ತನ್ನೂ ವಾಪಸು ಕಳಿಸುತ್ತೇನೆ.”

“ಹತ್ತಿಸೋದು ಅಂದ್ರೆ?” ಎಂದು ಯಜಮಾನರು ಕೇಳಿದರು.

ಪಟ್ಟಾಭಿಯವರು ಪತ್ರವನ್ನು ಕೈಗೆ ತೆಗೆದುಕೊಂಡು, ತಮಗೆ ಬಾರದ ಭಾಷೆಯಲ್ಲೇ ಅದನ್ನು ಒಮ್ಮೆ ನೋಡಿದರು. “ನಾನು ಓದುವಾಗ ಪುಸ್ತಕದಲ್ಲಿತ್ತು ಸಾರ್. ಏರಿನ ಬಗ್ಗೆ ಒಂದು ಪೂರ್ತಿ ಪಾಠ. ನಮ್ಮೂರಿಗೆ ಬೇಡ ಅಂತ ಮೇಷ್ಟ್ರು ಬಿಟ್ಬಿಟ್ರು” ಅಂದರು.

ಹತ್ತಿಸಿ ನೋಡದೆ ಸರಿಪಡಿಸುವುದು ಹೇಗೆ? ಊರಾಚೆ ನೂರು ಮೈಲಿ ಬರೀ ಬಯಲು. ಊರಿನೊಳಗೆ ಇರುವುದು ಒಂದೇ ದೊಡ್ಡ ದಾರಿ. ಮಧ್ಯಾಹ್ನದ ಮೇಲೆ ಅದರ ತುಂಬ ಮನೆಗೆ ಇಳಿಯುವವರೇ. ಎದುರು ನುಗ್ಗಿದರೆ ಒಬ್ಬರಾದರೂ ಬಾನೆಟ್ಟಿನ ಮೇಲೆ ಬಂದು ಕೂತಿರುತ್ತಾರೆ. ದಾರಿ ಖಾಲಿ ಇರುವುದು ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಎಲ್ಲರಿಗೂ ಇದು ಒಟ್ಟಿಗೇ ಹೊಳೆದಿರಬೇಕು, ಒಟ್ಟಿಗೇ ನನ್ನ ಕಡೆ ತಿರುಗಿದರು. ಪಟ್ಟಾಭಿಯವರೊಬ್ಬರು ತಿರುಗಲಿಲ್ಲ.

ಅದಕ್ಕೆ ಕಾರಣವಿತ್ತು. ನಮ್ಮಪ್ಪ ಚೆಲುವಯ್ಯ ಇದೇ ಕಾರ್ಖಾನೆಯ ಪೇಂಟಿಂಗ್ ಸೆಕ್ಷನ್ನಿನಲ್ಲಿದ್ದರು. ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಹತ್ತೂವರೆಗೆ, ನೀರು ಕುಡಿಯಲೆಂದು ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ. ಸುದ್ದಿ ಹೇಳಲು ಏರು ಹತ್ತಿ ಬಂದವರು ಪಟ್ಟಾಭಿಯವರು. ಅಮ್ಮ ಅವರನ್ನು ದಾರಿಯ ತಿರುವಿನಲ್ಲೇ ಕಂಡಳು. ಅವರು ಮನೆ ಮುಟ್ಟುವವರೆಗಿನ ಆ ಹೊತ್ತನ್ನು ಅವಳು ಅವರಿಗೆ ಕ್ಷಮಿಸಲಿಲ್ಲ. ಆಮೇಲೆ ಅವರ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಬೆಳಗಿನ ಹೊತ್ತು ಬಾಗಿಲಲ್ಲಿ ನಿಲ್ಲುವುದನ್ನೇ ಬಿಟ್ಟಳು.

ಮೊದಲ ದಿನ ಮಿಂಚುಳ್ಳಿಯ ಹಿಂದಿನ ಸೀಟಿನಲ್ಲಿ ನಾಲ್ಕು ಮರಳಿನ ಮೂಟೆ ಇಟ್ಟೆವು. ಮರಳು ಹಾರಿ ಸೀಟು ಕೊಳೆಯಾಗದಿರಲಿ ಎಂದು ಯಾರೋ ಮೂಟೆಗಳ ಮೇಲೆ ಬಿಳಿ ಬಟ್ಟೆ ಹೊದಿಸಿದರು. ಅದು ದೂರಕ್ಕೆ ಹೇಗೆ ಕಾಣುತ್ತದೆ ಎಂದು ನನಗೂ ಹೊಳೆಯಲಿಲ್ಲ. ಹತ್ತು ಗಂಟೆಗೆ ಹೊರಟೆ. ನಮ್ಮೂರಿನಲ್ಲಿ ಬೆಳಗ್ಗೆ ಇಂಜಿನ್ನಿನ ಸದ್ದು ಇರುವುದಿಲ್ಲ, ಎಲ್ಲರೂ ಹಾಗೇ ಜಾರಿಕೊಂಡು ಹೋಗುವುದು. ನನ್ನ ಗಾಡಿ ಒರಲುತ್ತ ಹತ್ತುವುದು ಕೇಳಿ ಮೇಲೆ ಒಂದೊಂದೇ ಬಾಗಿಲು ತೆರೆಯಿತು. ಅರ್ಧ ದಾರಿಯ ನಲ್ಲಿಕಟ್ಟೆಯ ಹತ್ತಿರ ಗಾಡಿ ಎರಡು ಸಲ ಕುಲುಕಿ ನಿಂತೇಬಿಟ್ಟಿತು. ಹ್ಯಾಂಡ್ ಬ್ರೇಕು ಎಳೆದೆ. ಕ್ಲಚ್ಚು ಸುಟ್ಟ ವಾಸನೆ ಬರುತ್ತಿತ್ತು.

ಮೊದಲು ಇಳಿದು ಬಂದವಳು ನಮ್ಮ ಪಕ್ಕದ ಮನೆಯ ಸಾಕಮ್ಮ, ಕೈಯಲ್ಲಿ ಲಟ್ಟಣಿಗೆ.

“ಯಾರ ಮನೆಗವ್ವ?” ಎಂದಳು. ಧ್ವನಿ ಒಣಗಿಹೋಗಿತ್ತು.

“ಯಾರ ಮನೆಗೂ ಇಲ್ಲ ಸಾಕಮ್ಮ. ಗಾಡಿ ಹತ್ತುತ್ತಾ ಅಂತ ನೋಡ್ತಿದೀನಿ.”

“ಹತ್ತಿ ಏನಾಗ್ಬೇಕು?”

ನಾನು ಉತ್ತರ ಹುಡುಕುವಷ್ಟರಲ್ಲಿ ಹೆಂಗಸರ ನಡುವಿನಿಂದ ಅಮ್ಮ ಬಂದಳು. ನನ್ನ ಮುಖ ನೋಡಲೇ ಇಲ್ಲ. ನೇರ ಹಿಂದಿನ ಬಾಗಿಲು ತೆಗೆದು ಬಿಳಿ ಬಟ್ಟೆ ಎತ್ತಿದಳು. “ಮರಳು” ಅಂದಳು. ಆಮೇಲೆ ದಾರಿಯಲ್ಲೇ, ಗಾಡಿಯ ಚಕ್ರಕ್ಕೆ ಒರಗಿ ಕೂತಳು. ಹೋಗಿ ಪಕ್ಕದಲ್ಲಿ ಕೂರುವುದಕ್ಕೂ ನನಗೆ ಧೈರ್ಯವಾಗಲಿಲ್ಲ.

ಸಂಜೆ ಮನೆಯಲ್ಲಿ ಸಾರು ಬಡಿಸುತ್ತ ಕೇಳಿದಳು, “ನಾಳೆನೂ ಬರ್ತೀಯಾ?”

“ಬರ್ಬೇಕಮ್ಮ. ಹತ್ತೋವರೆಗೂ ದಿನಾ ಬರ್ಬೇಕು.”

“ಅವರು ಹೇಳಿದ್ರಾ?” ಪಟ್ಟಾಭಿಯವರ ಹೆಸರನ್ನು ಅವಳು ಹೇಳುತ್ತಿರಲಿಲ್ಲ.

“ಅವರು ಏನೂ ಹೇಳಲಿಲ್ಲ. ನಾನೇ ಒಪ್ಕೊಂಡೆ.”

ಅಮ್ಮ ಸೌಟು ಕೆಳಗಿಟ್ಟಳು.

ಮರುದಿನದಿಂದ ಬಿಳಿ ಬಟ್ಟೆ ತೆಗೆದೆವು. ವಾದಿರಾಜ ಗಾಡಿಯ ಮೇಲೆ ಒಂದು ಬೋರ್ಡು ಕಟ್ಟಿಸಿದ. ದಪ್ಪ ಅಕ್ಷರದಲ್ಲಿ, ‘ಎಲ್ಲರೂ ಚೆನ್ನಾಗಿದ್ದಾರೆ’. ಅದರಿಂದ ಇನ್ನೂ ಕೆಟ್ಟಿತು. “ಯಾರೂ ಕೇಳದೇ ಇದ್ರೂ ಚೆನ್ನಾಗಿದ್ದಾರೆ ಅಂತ ಬರ್ಕೊಂಡು ಓಡಾಡ್ತಾರೆ ಅಂದ್ರೆ ಏನೋ ಮುಚ್ಚಿಡ್ತಿದಾರೆ” ಅಂದಳು ಸಾಕಮ್ಮ. ಎರಡು ವಾರ ಕಳೆದವು. ಗಾಡಿ ನಲ್ಲಿಕಟ್ಟೆ ದಾಟಲಿಲ್ಲ. ಮೇಲಿನ ಕೇರಿಯಲ್ಲಿ ಒಬ್ಬಾಕೆಗೆ ಇಂಜಿನ್ ಸದ್ದು ಕೇಳಿ ತಲೆ ಸುತ್ತಿ ಬಿದ್ದು ಹಣೆಗೆ ಪೆಟ್ಟಾಯಿತು. ಮಾರನೆಯ ಬೆಳಗ್ಗೆ ಹದಿನೈದು ಹೆಂಗಸರು ಕಾರ್ಖಾನೆಗೆ ಇಳಿದು ಬಂದು ಯಜಮಾನರ ಎದುರು ಕೂತರು. ಅವರ ಮಾತು ನ್ಯಾಯವಾಗಿಯೇ ಇತ್ತು. ಯಜಮಾನರೂ ಮನುಷ್ಯರೇ, ಕೈ ಮುಗಿದರು. “ಇನ್ನೊಂದು ವಾರ ಕೊಡಿ. ಆಗದಿದ್ರೆ ನಿಲ್ಲಿಸ್ತೀನಿ. ಹೊಸ ಶೆಡ್ಡಿನ ಇನ್ನೂರು ಜನಕ್ಕೂ ಹೇಳಿ ಕಳಿಸ್ತೀನಿ” ಅಂದರು. ಆ ಇನ್ನೂರರಲ್ಲಿ ಸಾಕಮ್ಮನ ಮಗಳೂ ಇದ್ದಳು. ಹೆಂಗಸರು ಎದ್ದು ಹೋದರು.

ಆ ಸಂಜೆ ಅಮ್ಮ ಹೂ ಕಟ್ಟುತ್ತಿದ್ದವಳು ನಿಲ್ಲಿಸಿ ಹೇಳಿದಳು, “ನಾಳೆ ನಾನೂ ಬರ್ತೀನಿ. ಮುಂದಿನ ಸೀಟಲ್ಲಿ ಕೂರ್ತೀನಿ. ನಾನು ನಗ್ತಾ ಕೂತಿದ್ರೆ ಅದನ್ನ ಸಾವಿನ ಗಾಡಿ ಅನ್ನೋರು ಯಾರು?”

“ನೀನು ನಗ್ತೀಯಾ?”

“ಪ್ರಯತ್ನ ಮಾಡ್ತೀನಿ.”

ಬೆಳಗ್ಗೆ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ನನ್ನ ಜೊತೆ ಇಳಿದು ಬಂದಳು. ಆರು ವರ್ಷದಲ್ಲಿ ಅವಳು ಕಾರ್ಖಾನೆಯ ಗೇಟು ದಾಟಿದ್ದು ಅದೇ ಮೊದಲು. ಗಾಡಿಗೆ ಪೆಟ್ರೋಲು ಹಾಕಿಸುವವರೆಗೆ ಕೂತಿರಲಿ ಎಂದು ಪಟ್ಟಾಭಿಯವರ ಕೋಣೆಯ ಹೊರಗಿನ ಬೆಂಚು ತೋರಿಸಿದೆ. ವಾಪಸು ಬಂದಾಗ ಪಟ್ಟಾಭಿಯವರು ಎರಡು ಲೋಟ ಕಾಫಿ ಹಿಡಿದು ಅವಳ ಮುಂದೆ ನಿಂತಿದ್ದರು. ಅವಳು ತೆಗೆದುಕೊಂಡಿರಲಿಲ್ಲ.

“ಪುಟ್ಟತಾಯಮ್ಮನೋರೆ, ಅವತ್ತು ಹನ್ನೆರಡರ ತನಕ ಕಾಯಿರಿ ಅಂತ ಎಲ್ರೂ ಹೇಳಿದ್ರು. ಮಟ್ಟ ಆದ್ಮೇಲೆ ಹೋದ್ರೆ ಗಾಬರಿಯಾಗಲ್ಲ ಅಂತ. ನನಗೆ ಮನಸ್ಸಾಗಲಿಲ್ಲ. ನೀವು ಚೆಲುವಯ್ಯನಿಗೆ ಅಂತ ಅಡುಗೆ ಮಾಡ್ತಾ ಇರ್ತೀರಿ, ನಾವು ಇಲ್ಲಿ ಗಡಿಯಾರ ನೋಡ್ತಾ ಕೂರೋದು. ಅದಕ್ಕೇ ಹತ್ತಿ ಬಂದೆ. ತಪ್ಪಾಗಿದ್ರೆ ತಪ್ಪಾಯ್ತು.”

ಅಮ್ಮ ಅವರ ಕಾಲನ್ನೇ ನೋಡಿದಳು. “ಅವತ್ತು ನಿಮ್ಮ ಕಾಲಲ್ಲಿ ಚಪ್ಪಲಿ ಇರಲಿಲ್ಲ” ಅಂದಳು.

“ಮೊದಲನೇ ತಿರುವಲ್ಲೇ ಕಿತ್ತುಹೋಯ್ತು. ಏರು ಹತ್ತೋ ಚಪ್ಪಲಿ ನಮ್ಮೂರಲ್ಲಿ ಎಲ್ಲಿ ಸಿಗುತ್ತೆ?”

“ಹೆಬ್ಬೆರಳು ಒಡೆದು ರಕ್ತ ಬರ್ತಿತ್ತು. ನೀವು ಹೇಳಿದ್ದು ನನಗೆ ಕೇಳ್ಲೇ ಇಲ್ಲ. ಆ ಬೆರಳನ್ನೇ ನೋಡ್ತಿದ್ದೆ.” ಕೈ ಚಾಚಿ ಒಂದು ಲೋಟ ತೆಗೆದುಕೊಂಡಳು. “ಒಂದು ತುಂಡು ಬಟ್ಟೆ ಕೂಡ ಕೊಡಲಿಲ್ಲ ನಿಮಗೆ” ಅಂದಳು.

ಪಟ್ಟಾಭಿಯವರು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಇಬ್ಬರೂ ಕಾಫಿ ಕುಡಿದು ಮುಗಿಸಿದರು. ನಾನು ಟೈರಿನ ಗಾಳಿ ನೋಡುವವಳ ಹಾಗೆ ಬಗ್ಗಿಕೊಂಡಿದ್ದೆ.

ಆವತ್ತು ಒಂದು ಮೂಟೆ ತೆಗೆದು ಪಟ್ಟಾಭಿಯವರೇ ಹಿಂದೆ ಕೂತರು, ತೊಡೆಯ ಮೇಲೆ ನೋಟುಬುಕ್ಕು. ಅಮ್ಮ ಮುಂದೆ. ಅವಳ ನಗು ಮೊದಲ ತಿರುವಿನವರೆಗೆ ಯಾರೋ ಫೋಟೊ ತೆಗೆಯುತ್ತಿರುವ ಹಾಗಿತ್ತು. ಎರಡನೆಯ ತಿರುವಿನಲ್ಲಿ ಸಾಕಮ್ಮ ದಾರಿಗೆ ಇಳಿದು ಬಂದು ಬೆಪ್ಪಾಗಿ ನಿಂತದ್ದು ಕಂಡು ನಿಜವಾಗಿಯೇ ನಕ್ಕಳು, ಕೈಯನ್ನೂ ಬೀಸಿದಳು. ಗಾಡಿ ನಲ್ಲಿಕಟ್ಟೆಯ ಹತ್ತಿರ ಎಂದಿನಂತೆ ನಿಂತಿತು. ಅಮ್ಮ ಹಿಂದಕ್ಕೆ ತಿರುಗಿ ಪಟ್ಟಾಭಿಯವರಿಗೆ ಹೇಳಿದಳು, “ಇದಕ್ಕೆ ಇಲ್ಲಿ ಉಸಿರು ಕಟ್ಟುತ್ತೆ. ಅಟ್ಟದ ಮೆಟ್ಟಿಲು ಹತ್ತುವಾಗ ನನಗಾಗುತ್ತಲ್ಲ, ಹಾಗೆ. ದಾಪುಗಾಲು ಹಾಕಿಸಿದ್ದೀರಿ. ಚಿಕ್ಕ ಹೆಜ್ಜೆ ಹಾಕಕ್ಕೆ ಬಿಡಿ.”

ಪಟ್ಟಾಭಿಯವರು ಅದನ್ನು ಹಾಗೆಯೇ ಬರೆದುಕೊಂಡರು. ಮೊದಲ ಗೇರು ನಮ್ಮ ಗಾಡಿಯಲ್ಲಿ ವಿಪರೀತ ಉದ್ದವಾಗಿತ್ತು, ಇಳಿಜಾರಿನಲ್ಲಿ ಹೊರಡಲು ಅದು ಸಾಕು. ಅದನ್ನು ಕಿರಿದು ಮಾಡಬೇಕು, ಕಿರಿದು ಮಾಡಿದರೆ ಇಂಜಿನ್ನು ಬಿಸಿಯಾಗುತ್ತದೆ, ಬಿಸಿಯಾದರೆ ಫ್ಯಾನು ದೊಡ್ಡದಾಗಬೇಕು, ಫ್ಯಾನು ದೊಡ್ಡದಾದರೆ ಬಾನೆಟ್ಟು ಮುಚ್ಚುವುದಿಲ್ಲ. ಒಂದೊಂದನ್ನೂ ಅವರು ಬೇಸರಿಸದೆ ಬಿಡಿಸುತ್ತ ಹೋದರು. ಯಜಮಾನರು ಕೊಟ್ಟ ಒಂದು ವಾರ ಮುಗಿದದ್ದನ್ನು ಯಾರೂ ನೆನಪಿಸಲಿಲ್ಲ. ಏಕೆಂದರೆ ಅಷ್ಟರಲ್ಲಿ ಮೇಲಿನ ಕೇರಿಯ ಹೆಂಗಸರು ಮರಳಿನ ಮೂಟೆಗಳ ಜಾಗಕ್ಕೆ ಪಾಳಿ ಹಚ್ಚಿದ್ದರು. ಬೆಳಗ್ಗೆ ಗಂಡಂದಿರ ಜೊತೆ ಪೇಟೆಗೆ ಇಳಿಯುವುದು, ತರಕಾರಿ ಬಟ್ಟೆ ನೋಡುವುದು, ಹತ್ತಕ್ಕೆ ಮಿಂಚುಳ್ಳಿಯಲ್ಲಿ ಹತ್ತಿ ಬರುವುದು. ಗಾಡಿ ನಿಂತಲ್ಲಿ ಇಳಿದು ತಳ್ಳುವುದಕ್ಕೂ ಅವರು ತಯಾರು. ಸಾಕಮ್ಮ ಮೂಟೆಗಿಂತ ಭಾರ ಎಂದು ಪಟ್ಟಾಭಿಯವರು ಬಹಳ ಸಂಕೋಚದಿಂದ ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡರು. ಬೋರ್ಡನ್ನು ಬಿಚ್ಚಿ ಒಳಗಿಟ್ಟೆವು.

ಹತ್ತನೆಯ ವಾರದ ಗುರುವಾರ ಐದು ಜನರೊಂದಿಗೆ ಮಿಂಚುಳ್ಳಿ ಎಲ್ಲೂ ನಿಲ್ಲದೆ ದಾರಿಯ ತುದಿ ಮುಟ್ಟಿತು. ಅಲ್ಲಿಂದ ನೋಡಿದರೆ ಬೆಳಗಿನ ಬಿಸಿಲಿನಲ್ಲಿ ಇಡೀ ಪೇಟೆ ಕೆಳಗೆ ಹರಡಿಕೊಂಡಿತ್ತು. ಕೆಲಸಕ್ಕೆ ಇಳಿಯುವ ನಾವ್ಯಾರೂ ಆ ಹೊತ್ತಿನಲ್ಲಿ ಅಲ್ಲಿ ನಿಂತು ನೋಡಿದವರಲ್ಲ. ಪಟ್ಟಾಭಿಯವರು ಇಳಿದು, ಗಾಡಿಯ ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಅಮ್ಮ ಮನೆಗೆ ಹೋಗಿ ಎಲ್ಲರಿಗೂ ಪಾನಕ ಮಾಡಿ ತಂದಳು.

ಮುಂದಿನ ಹಡಗಿನಲ್ಲಿ ಹೊಸ ಗೇರುಗಳ ಪೆಟ್ಟಿಗೆಗಳನ್ನು ತೆಗೆದುಕೊಂಡು, ಇಬ್ಬರು ಮೆಕ್ಯಾನಿಕ್ಕುಗಳನ್ನು ಕರೆದುಕೊಂಡು ವಾದಿರಾಜನೂ ನಾನೂ ಹೊರಟೆವು. ಓರ್ಲಾಳ ಪಟ್ಟಣ ಗುಡ್ಡದ ಮೈಮೇಲೆ ಕಟ್ಟಿದ್ದು. ಬಂದರು ಕೆಳಗೆ, ಮನೆಗಳು ಮೇಲೆ. ಕಲ್ಲು ಹಾಸಿದ ಓಣಿಗಳು. ಮಧ್ಯಾಹ್ನ ಹನ್ನೆರಡಕ್ಕೆ ನಾನು ನೀರಿನ ಲೋಟವನ್ನು ಗಟ್ಟಿಯಾಗಿ ಹಿಡಿದುಕೊಂಡು ಕಾದೆ.

“ಇಲ್ಲಿ ತಿರುಗಲ್ಲ ಜಲಜಕ್ಕ” ಎಂದ ವಾದಿರಾಜ. “ಬೆಳಗ್ಗೆ ಹೇಗಿತ್ತೋ ಸಂಜೆನೂ ಹಾಗೇ.”

ಸಂಜೆ ನೋಡಿದೆ. ದಿನವಿಡೀ ದುಡಿದ ಜನ ಚೀಲ ಹೊತ್ತುಕೊಂಡು, ಮೊಣಕಾಲಿಗೆ ಕೈ ಕೊಟ್ಟುಕೊಂಡು ಹತ್ತುತ್ತಿದ್ದರು. ಒಬ್ಬರೂ ಗೊಣಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

ಓರ್ಲಾ ಐವತ್ತರ ಹೆಂಗಸು, ಮಾತು ಕಡಿಮೆ. ಮೊದಲ ಗಾಡಿಗೆ ಹೊಸ ಗೇರು ಹಾಕಿದ ಮೇಲೆ ನಮ್ಮನ್ನು ತನ್ನ ಓಣಿಗೆ ಕರೆದೊಯ್ದಳು. ಸಣ್ಣ ಕಾರುಗಳ ಹೊಟ್ಟೆ ಆ ಕಲ್ಲಿಗೆ ತಾಗುತ್ತದೆ, ದೊಡ್ಡ ಜೀಪುಗಳು ಆ ಓಣಿಯಲ್ಲಿ ಹಿಡಿಸುವುದಿಲ್ಲ. ಮಿಂಚುಳ್ಳಿ ಸರಿಯಾಗಿ ಹಿಡಿಸಿತು. ಬೇಕೆಂದೇ ಹೀಗೆ ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗಿತ್ತು. ಓಣಿಯ ತುದಿಯ ಮನೆಯ ಕಿಟಕಿಯಲ್ಲಿ ಒಬ್ಬರು ಮುದುಕರು ಕೂತಿದ್ದರು. ಅವಳ ತಂದೆ, ಬಂದರಿನಲ್ಲಿ ದೋಣಿ ನಡೆಸುತ್ತಿದ್ದವರು.

ಅವಳು ಹೇಳಿದ್ದನ್ನು ವಾದಿರಾಜ ನನಗೆ ಕನ್ನಡದಲ್ಲಿ ಹೇಳಿದ. ಮಂಡಿ ನೋವಿನಿಂದ ಮುದುಕರು ನಾಲ್ಕು ವರ್ಷ ಕಡಲಿನ ಹತ್ತಿರ ಹೋಗಿರಲಿಲ್ಲ. ನಮ್ಮ ಗಾಡಿಗಳು ಬಂದ ದಿನವೇ ಓರ್ಲಾ ಅವರನ್ನು ಕೂರಿಸಿಕೊಂಡು ಬಂದರಿಗೆ ಇಳಿಸಿದಳು. ಹಳೆಯ ಸ್ನೇಹಿತರೆಲ್ಲ ಸಿಕ್ಕರು. ವಾಪಸು ಬರುವಾಗ ಗಾಡಿ ಓಣಿಯ ಬುಡದಲ್ಲೇ ನಿಂತಿತು. ನಾಲ್ಕು ಜನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಊರೆಲ್ಲ ನೋಡುವ ಹಾಗೆ ಹೊತ್ತು ತಂದರು. ಅವತ್ತಿನಿಂದ ಯಾರಾದರೂ ಗಾಡಿಯ ಮಾತು ಎತ್ತಿದರೆ ಅವರು ಕಿಟಕಿ ಮುಚ್ಚಿಕೊಳ್ಳುತ್ತಾರೆ.

“ನಾನೂರರ ಮಾತು ಆಮೇಲೆ. ಮೊದಲು ನಮ್ಮಪ್ಪ ಕೂರಲಿ ಅಂತಿದಾರೆ ಓರ್ಲಾ” ಎಂದ ವಾದಿರಾಜ.

ಅವನು ಬ್ರೋಷರು ತೆಗೆಯಹೋದ. ಬೇಡ ಎಂದೆ. ಆ ಬೆಳಗ್ಗೆ ಓಣಿಯಲ್ಲಿ ಹತ್ತುವವರನ್ನೆಲ್ಲ ಕೂರಿಸಿಕೊಂಡು ಮೇಲೆ ಬಿಟ್ಟೆ. ಮೀನಿನ ಬುಟ್ಟಿಯವರು, ಹಿಟ್ಟಿನ ಮೂಟೆಯವರು, ಒಬ್ಬಳು ಬಸುರಿ. ಮುದುಕರ ಕಿಟಕಿಯ ಕೆಳಗೆ ಪ್ರತಿ ಸಲವೂ ಗಾಡಿ ತಿರುಗಿಸಿಕೊಂಡು ಮತ್ತೆ ಇಳಿದೆ. ಮೊದಲೆರಡು ಸಲ ಕಿಟಕಿ ಮುಚ್ಚಿತ್ತು. ಆರನೆಯ ಸಲ ಅರ್ಧ ತೆರೆದಿತ್ತು. ಒಂಬತ್ತನೆಯ ಸಲ ಮುದುಕರು ಕೋಟು ಹಾಕಿಕೊಂಡು, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಬಂದರಿನಲ್ಲಿ ಅವರು ಹುರಿದ ಮೀನು ತಿಂದರು, ನನಗೂ ತಿನ್ನಿಸಿದರು. ಇಬ್ಬರು ಗೆಳೆಯರನ್ನು ಬೈದರು, ಒಂದು ದೋಣಿಯ ಹಗ್ಗದ ಗಂಟು ಬಿಚ್ಚಿ ಸರಿಯಾಗಿ ಕಟ್ಟಿದರು. ಹೊರಡುವ ಹೊತ್ತಾದಾಗ ಮುಖದ ನಗು ಹೋಯಿತು. ಮುಂದಿನ ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಬಾಗಿಲಿನ ಹಿಡಿಕೆ ಹಿಡಿದುಕೊಂಡರು. ಹಿಂದೆ ಓರ್ಲಾ, ವಾದಿರಾಜ, ಮತ್ತೆ ಮುದುಕರನ್ನು ಬಿಟ್ಟಿರಲಾರದ ಒಬ್ಬ ಗೆಳೆಯ.

ಓಣಿಯ ತೀರ ಕಡಿದಾದ ಜಾಗದಲ್ಲಿ, ಅವತ್ತು ಗಾಡಿ ನಿಂತದ್ದಕ್ಕಿಂತ ಸ್ವಲ್ಪ ಮೇಲೆ, ಒಬ್ಬ ಹಾಲಿನವನು ಕೈಗಾಡಿಯನ್ನು ಅಡ್ಡ ನಿಲ್ಲಿಸಿಕೊಂಡು ಯಾರೊಡನೆಯೋ ಮಾತಾಡುತ್ತಿದ್ದ. ಬ್ರೇಕು ಒತ್ತಿದೆ. ಗಾಡಿ ನಿಂತಿತು. ಮುದುಕರು ಕಣ್ಣು ಮುಚ್ಚಿಕೊಂಡರು. ಅಕ್ಕಪಕ್ಕದ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಹಾಲಿನವನು ನಿಧಾನವಾಗಿ ಮಾತು ಮುಗಿಸಿ, ಕೈಗಾಡಿ ಸರಿಸಿ, ಟೋಪಿ ಮುಟ್ಟಿಕೊಂಡು ದಾರಿ ಬಿಟ್ಟ. ಮೊದಲ ಗೇರು ಹಾಕಿ ಕ್ಲಚ್ಚನ್ನು ಕೂದಲಷ್ಟೇ ಬಿಟ್ಟೆ. ಗಾಡಿ ಒಂದು ಬೆರಳಿನಷ್ಟು ಹಿಂದಕ್ಕೆ ಜಗ್ಗಿತು, ಆಮೇಲೆ ಹಿಡಿದುಕೊಂಡಿತು, ಆಮೇಲೆ ಹೊರಟಿತು. ಒಂದೊಂದೇ ಕಲ್ಲು ಎಣಿಸಿಕೊಂಡು ಹೋದ ಹಾಗೆ ಮನೆ ಮುಟ್ಟಿತು.

ಇಂಜಿನ್ ನಿಲ್ಲಿಸಿದೆ. ಓರ್ಲಾ ಇಳಿದು ಬಂದು ತಂದೆಯ ಬಾಗಿಲು ತೆಗೆದಳು. ಅವರು ಕಣ್ಣು ಬಿಟ್ಟು ತಮ್ಮ ಕಿಟಕಿಯನ್ನು ಹೊರಗಿನಿಂದ ನೋಡಿದರು. ಇಳಿಯಲಿಲ್ಲ. ಕೋಲನ್ನು ಕಾಲಿನ ನಡುವೆ ನಿಲ್ಲಿಸಿಕೊಂಡು ನನ್ನ ಕಡೆ ತಿರುಗಿ ಏನೋ ಕೇಳಿದರು. ಓರ್ಲಾ ಬಾಗಿಲು ಹಿಡಿದುಕೊಂಡೇ ಮುಖ ಆಚೆ ತಿರುಗಿಸಿದಳು.

“ಏನಂತೆ?” ಎಂದು ವಾದಿರಾಜನನ್ನು ಕೇಳಿದೆ.

“ನಾಳೆ ಎಷ್ಟು ಗಂಟೆಗೆ ಬರ್ತೀಯಮ್ಮ ಅಂತ ಕೇಳ್ತಿದಾರೆ” ಅಂದ.